ಟೀನ್ ಟೈಟನ್ಸ್ ತಂಡವನ್ನು ಮೇಜಿನ ಆಟಕ್ಕೆ ಅಳವಡಿಸುವ ಬಗೆ

ಟೀನ್ ಟೈಟನ್ಸ್‌ನಂಥ ಅನಿಮೇಷನ್ ಸರಣಿಯ ವೀರರ ತಂಡವನ್ನು ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಆಟಗಾರರು ಪಾತ್ರಗಳಾಗಿ ಮಾತನಾಡುತ್ತ ಕಥೆ ಕಟ್ಟುವ ಮೇಜಿನ ಆಟಕ್ಕೆ, ಅಳವಡಿಸಲು ಹೊರಟವರು ಸಾಮಾನ್ಯವಾಗಿ ಶಕ್ತಿಗಳ ಪಟ್ಟಿಯಿಂದ ಕೆಲಸ ಆರಂಭಿಸುತ್ತಾರೆ. ಯಾರು ಹಾರುತ್ತಾರೆ, ಯಾರು ಎಷ್ಟು ಭಾರ ಎತ್ತುತ್ತಾರೆ, ಯಾರ ಕೈಯಿಂದ ಎಂಥ ಕಿರಣ ಹೊರಡುತ್ತದೆ ಎಂಬುದನ್ನೆಲ್ಲ ಬರೆದು, ಅಂಕಗಳಿಗೆ ಇಳಿಸಿ, ಕೊನೆಗೆ ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ: ಅತಿಮಾನುಷ ಶಕ್ತಿ ಏನೂ ಇಲ್ಲದ ರಾಬಿನ್‌ನನ್ನು, ಆಕಾಶದಲ್ಲಿ ಹಾರುತ್ತ ಶತ್ರುವನ್ನು ಬರಿಗೈಯಲ್ಲಿ ಎತ್ತಿ ಎಸೆಯಬಲ್ಲ ಸ್ಟಾರ್‌ಫೈರ್‌ಗೆ ಸಮನಾಗಿ ಕೂರಿಸುವುದು ಹೇಗೆ? ಹಾಸನದ ನಮ್ಮ ಗುಂಪಿಗೆ ಹೊಸಬರು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಶಕ್ತಿಯನ್ನು ಸಮ ಮಾಡುವ ಗೋಜಿಗೆ ಹೋಗದೆ ಸರದಿಯನ್ನು ಸಮ ಮಾಡಿ ಎಂಬುದೇ ನನ್ನ ಉತ್ತರ, ಮತ್ತು ಈ ಬರಹದ ಉಳಿದ ಸೂಚನೆಗಳೆಲ್ಲ ಅದರಿಂದಲೇ ಹುಟ್ಟಿದವು.

ಮೂಲ ಸರಣಿಯನ್ನು ಗಮನವಿಟ್ಟು ನೋಡಿದರೆ ಅಲ್ಲಿಯೂ ಇದೇ ಲೆಕ್ಕಾಚಾರ ಕಾಣುತ್ತದೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2003ರ ಜುಲೈನಲ್ಲಿ ಆರಂಭವಾಗಿ 2006ರವರೆಗೆ ಬಂದ ಟೀನ್ ಟೈಟನ್ಸ್, ಸೀಸನ್ನಿಗೆ 13ರಂತೆ ಐದು ಸೀಸನ್‌ಗಳಲ್ಲಿ 65 ಕಂತುಗಳನ್ನು ಪೂರೈಸಿತು. ಮೊದಲ ಸೀಸನ್ನಿನ ಎಳೆ ರಾಬಿನ್ ಮತ್ತು ಅವನ ಶತ್ರು ಸ್ಲೇಡ್‌ನದು. ಎರಡನೆಯದು ತಂಡಕ್ಕೆ ಬಂದು ದ್ರೋಹ ಬಗೆಯುವ ಟೆರಾಳದು, ಅದರ ಪೆಟ್ಟು ಹೆಚ್ಚು ಬೀಳುವುದು ಪ್ರಾಣಿರೂಪ ತಾಳಬಲ್ಲ ಬೀಸ್ಟ್ ಬಾಯ್ ಮೇಲೆ. ಮೂರನೆಯದು ಅರ್ಧ ಯಂತ್ರವಾದ ಸೈಬೋರ್ಗ್ ಮತ್ತು ಖಳ ಬ್ರದರ್ ಬ್ಲಡ್‌ನದು. ನಾಲ್ಕನೆಯದು ರೇವನ್ ಮತ್ತು ಅವಳ ತಂದೆ ಟ್ರೈಗನ್‌ನದು. ಐದನೆಯದು ಬೀಸ್ಟ್ ಬಾಯ್‌ನನ್ನು ಅವನ ಹಳೆಯ ಬಳಗವಾದ ಡೂಮ್ ಪಟ್ರೋಲ್‌ನ ಎದುರು ತಂದು ನಿಲ್ಲಿಸುತ್ತದೆ. ಯಾರಿಗೆ ಶಕ್ತಿ ಎಷ್ಟು ಎಂಬುದನ್ನು ಯಾರೂ ತೂಗಲಿಲ್ಲ. ಯಾರ ಕಷ್ಟ ಯಾವಾಗ ಕಥೆಯ ನಡುಮನೆಗೆ ಬರಬೇಕು ಎಂಬುದನ್ನು ಮಾತ್ರ ಜಾಗರೂಕತೆಯಿಂದ ಹಂಚಿದರು. ಆ ಹಂಚಿಕೆಯಲ್ಲಿ ಸ್ಟಾರ್‌ಫೈರ್‌ಗೆ ಇಡೀ ಸೀಸನ್ ಒಂದೂ ಸಿಗಲಿಲ್ಲ, ಬಿಡಿ ಕಂತುಗಳಷ್ಟೇ ಸಿಕ್ಕವು. ಇದು ನನಗೆ ಸರಣಿಯ ಕೊರತೆಯಾಗಿಯೇ ಕಾಣುತ್ತದೆ. ನಿಮ್ಮ ಮೇಜಿನಲ್ಲಿ ಅವಳ ಪಾತ್ರ ಆಡುವವರಿಗೆ ಆ ಬಾಕಿಯನ್ನು ತೀರಿಸಿಕೊಡಿ.

ಈ ಬಗೆಯ ಆಟವನ್ನು ಎಂದೂ ಆಡದವರಿಗೆ ಒಂದು ಮಾತು. ಕೊಪ್ಪ, ಶೃಂಗೇರಿಯ ಕಡೆ ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ವೇಷವಿಲ್ಲ, ರಂಗವಿಲ್ಲ, ಅರ್ಥಧಾರಿ ಕುಳಿತಲ್ಲಿಯೇ ಕರ್ಣನಾಗಿ ಮಾತನಾಡುತ್ತಾನೆ, ಎದುರಿನವರ ಮಾತಿಗೆ ತಕ್ಕಂತೆ ಅರ್ಥವನ್ನು ಆ ಕ್ಷಣದಲ್ಲಿಯೇ ಕಟ್ಟುತ್ತಾನೆ. ರೋಲ್‌ಪ್ಲೇಯಿಂಗ್ ಆಟದಲ್ಲಿಯೂ ಪ್ರತಿ ಆಟಗಾರ ಒಂದು ಪಾತ್ರದ ಬಾಯಿಯಾಗುತ್ತಾನೆ, ಗೇಮ್ ಮಾಸ್ಟರ್ ಎಂಬಾತ ಉಳಿದ ಜಗತ್ತನ್ನೆಲ್ಲ ನಿಭಾಯಿಸುತ್ತಾನೆ. ವ್ಯತ್ಯಾಸವಿಷ್ಟೇ: ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಅನುಮಾನ ಬಂದ ಕಡೆಯಲ್ಲೆಲ್ಲ ದಾಳ ಉರುಳಿಸುವುದರಿಂದ ಕೊನೆ ಯಾರಿಗೂ ಗೊತ್ತಿರುವುದಿಲ್ಲ.

ಯಾವ ನಿಯಮಾವಳಿ?

ಸೂಪರ್‌ಹೀರೋ ಆಟಕ್ಕೆ ನಿಯಮಪುಸ್ತಕಗಳು ಹಲವಿವೆ. ಈ ತಂಡದ ಮಟ್ಟಿಗೆ ನಿಜವಾದ ಆಯ್ಕೆ ಎರಡರ ನಡುವೆ.

ಒಂದು, ಗ್ರೀನ್ ರೋನಿನ್ ಸಂಸ್ಥೆ 2002ರಲ್ಲಿ ತಂದ, ಸ್ಟೀವ್ ಕೆನ್ಸನ್ ರೂಪಿಸಿದ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್. ಇಪ್ಪತ್ತು ಮುಖದ ದಾಳದ ಆಟ ಇದು. ಇದರ ಮೂರನೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ಪವರ್ ಲೆವೆಲ್ 10ರಲ್ಲಿ ಆರಂಭಿಸುತ್ತಾರೆ. ಪ್ರತಿ ಪಾತ್ರಕ್ಕೂ 150 ಅಂಕಗಳು. ದಾಳಿಯ ನಿಖರತೆ ಮತ್ತು ಪೆಟ್ಟಿನ ಬಲ ಎರಡೂ ಸೇರಿ ಲೆವೆಲ್ಲಿನ ಎರಡರಷ್ಟನ್ನು, ಅಂದರೆ 20ನ್ನು ಮೀರುವಂತಿಲ್ಲ. ಹಾಗಾಗಿ ರಾಬಿನ್‌ಗೆ ನಿಖರತೆ 12, ಬಲ 8 ಎಂದೂ ಸ್ಟಾರ್‌ಫೈರ್‌ಗೆ ನಿಖರತೆ 8, ಬಲ 12 ಎಂದೂ ಬರೆದರೆ ಇಬ್ಬರೂ ಹೋರಾಟದಲ್ಲಿ ಸರಿಸುಮಾರು ಸಮ ತೂಗುತ್ತಾರೆ. ಲೆಕ್ಕ ಹಾಕುವುದರಲ್ಲಿಯೇ ಸುಖ ಕಾಣುವವರಿಗೆ ಇದು ಒಳ್ಳೆಯ ಪುಸ್ತಕ. ಬೀಸ್ಟ್ ಬಾಯ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಯಾವ ಪ್ರಾಣಿಯಾದರೂ ಆಗಬಲ್ಲ ಅವನ ಶಕ್ತಿಗೆ ವೇರಿಯಬಲ್ ಎಂಬ ಪರಿಣಾಮವನ್ನು ಕೊಂಡರೆ ಪ್ರತಿ ರ‍್ಯಾಂಕಿಗೆ 7 ಅಂಕ ತೆತ್ತು, ಪ್ರತಿ ಬಾರಿ ರೂಪ ಬದಲಿಸಿದಾಗಲೂ ರ‍್ಯಾಂಕಿಗೆ 5ರಂತೆ ಅಂಕಗಳನ್ನು ಹೊಸದಾಗಿ ಹಂಚಬೇಕಾಗುತ್ತದೆ. ಅವನು ಹದ್ದಾಗಬೇಕೋ ಘೇಂಡಾಮೃಗವಾಗಬೇಕೋ ಎಂದು ಲೆಕ್ಕ ಮಾಡುವಷ್ಟರಲ್ಲಿ ಉಳಿದ ನಾಲ್ವರು ಫೋನ್ ತೆಗೆದಿರುತ್ತಾರೆ. ಈ ಪುಸ್ತಕವನ್ನೇ ಆರಿಸಿಕೊಂಡರೆ ಹಾರುವ, ಈಜುವ, ಗುದ್ದುವ, ನುಸುಳುವ ಒಂದೊಂದು ಪ್ರಾಣಿಯ ಲೆಕ್ಕವನ್ನು ಮನೆಯಲ್ಲಿಯೇ ಮಾಡಿ, ಬೇರೆ ಬೇರೆ ಕಾರ್ಡಿನಲ್ಲಿ ಬರೆದುಕೊಂಡು ಬರಬೇಕೆಂದು ಆ ಆಟಗಾರನಿಗೆ ಮೊದಲೇ ಹೇಳಿ.

ಇನ್ನೊಂದು, ಬ್ರೆಂಡನ್ ಕಾನ್ವೇ ರೂಪಿಸಿ ಮ್ಯಾಗ್‌ಪೈ ಗೇಮ್ಸ್ 2016ರಲ್ಲಿ ಪ್ರಕಟಿಸಿದ ಮಾಸ್ಕ್ಸ್: ಎ ನ್ಯೂ ಜನರೇಷನ್. ಇದು ಹದಿಹರೆಯದ ವೀರರಿಗೆಂದೇ ಬರೆದ ಆಟ, ಮತ್ತು ನನ್ನ ಶಿಫಾರಸು ಇದಕ್ಕೇ. ಇಲ್ಲಿ ಪಾತ್ರದ ಹಾಳೆಯಲ್ಲಿ ದೇಹಬಲಕ್ಕೆ ಅಂಕವಿಲ್ಲ. ತನ್ನನ್ನು ತಾನು ಏನೆಂದು ನೋಡಿಕೊಳ್ಳುತ್ತಿದ್ದೇನೆ ಎಂಬುದಕ್ಕೆ ಅಂಕವಿದೆ: ಅಪಾಯಕಾರಿ, ವಿಚಿತ್ರ, ರಕ್ಷಕ, ಶ್ರೇಷ್ಠ, ಸಾಮಾನ್ಯ ಎಂಬ ಐದು ಲೇಬಲ್‌ಗಳು, ಒಂದೊಂದೂ ಮೈನಸ್ 2ರಿಂದ ಪ್ಲಸ್ 3ರವರೆಗೆ. ಪೆಟ್ಟು ಬಿದ್ದಾಗ ಕಳೆದುಕೊಳ್ಳಲು ಪ್ರಾಣಾಂಕಗಳಿಲ್ಲ. ಅದರ ಬದಲು ಭಯ, ಸಿಟ್ಟು, ಅಪರಾಧಿ ಭಾವ, ಹತಾಶೆ, ಅಳುಕು ಎಂಬ ಐದು ಸ್ಥಿತಿಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಲಾರಿಯಿಂದ ಗುದ್ದಿಸಿಕೊಂಡ ಸೈಬೋರ್ಗ್‌ಗೂ ಗೆಳೆಯನ ಕಟುಮಾತು ಕೇಳಿದ ರಾಬಿನ್‌ಗೂ ಆಗುವ ಗಾಯ ಒಂದೇ ಜಾತಿಯದು. ಹೀಗಾಗಿ ಯಾರ ಶಕ್ತಿ ಎಷ್ಟು ಎಂಬ ಜಗಳ ಹುಟ್ಟಲು ಜಾಗವೇ ಉಳಿಯುವುದಿಲ್ಲ.

ಇದಕ್ಕೆ ಬೇಕಾಗುವುದು ಆರು ಮುಖದ ಎರಡು ದಾಳಗಳು ಮಾತ್ರ. ಮನೆಯಲ್ಲಿರುವ ಲೂಡೋ ಡಬ್ಬಿಯಿಂದ ತೆಗೆದುಕೊಂಡರಾಯಿತು. ಎರಡನ್ನೂ ಉರುಳಿಸಿ, ಕೂಡಿಸಿ, ಸಂಬಂಧಪಟ್ಟ ಲೇಬಲ್ಲಿನ ಅಂಕವನ್ನು ಸೇರಿಸಬೇಕು. 10 ಅಥವಾ ಹೆಚ್ಚು ಬಂದರೆ ಪೂರ್ಣ ಯಶಸ್ಸು, 7ರಿಂದ 9 ಬಂದರೆ ಬೆಲೆ ತೆತ್ತು ಯಶಸ್ಸು, 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಕಥೆಯನ್ನು ಬಿಗಿಮಾಡುತ್ತಾನೆ. ಲೇಬಲ್ ಶೂನ್ಯವಿದ್ದಾಗ ಸಾಧ್ಯವಿರುವ 36 ಫಲಗಳಲ್ಲಿ ಪೂರ್ಣ ಯಶಸ್ಸು 6, ನಡುವಿನದು 15, ಸೋಲು 15. ಅದೇ ಲೇಬಲ್ ಪ್ಲಸ್ 2 ಆದರೆ ಪೂರ್ಣ ಯಶಸ್ಸು 15ಕ್ಕೆ ಏರಿ ಸೋಲು 6ಕ್ಕೆ ಇಳಿಯುತ್ತದೆ. ನಡುವಿನದು ಮಾತ್ರ 15ರಲ್ಲಿಯೇ ನಿಲ್ಲುತ್ತದೆ. ಎಷ್ಟೇ ನುರಿತ ವೀರನಿಗೂ ಬೆಲೆ ತೆರುವ ಪ್ರಸಂಗ ತಪ್ಪದು ಎಂಬ ಸರಣಿಯ ಸ್ವಭಾವ ಈ ಲೆಕ್ಕದೊಳಗೇ ಇದೆ.

ಐದು ಕುರ್ಚಿಗಳು

ಮಾಸ್ಕ್ಸ್ ಪುಸ್ತಕದಲ್ಲಿ ಪಾತ್ರಗಳಿಗೆ ಸಿದ್ಧ ಅಚ್ಚುಗಳಿವೆ. ಅವಕ್ಕೆ ಪ್ಲೇಬುಕ್ ಎಂದು ಹೆಸರು. ಒಂದು ಮೇಜಿನಲ್ಲಿ ಒಂದು ಪ್ಲೇಬುಕ್ ಒಬ್ಬರಿಗೆ ಮಾತ್ರ. ಪಾತ್ರವನ್ನು ಅಚ್ಚಿಗೆ ಹೊಂದಿಸುವಾಗ ಅವರು ಏನು ಮಾಡಬಲ್ಲರು ಎಂದು ಕೇಳುವ ಬದಲು ಯಾವುದರಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದಾರೆ ಎಂದು ಕೇಳಿ.

ರಾಬಿನ್‌ಗೆ ಪ್ರೋಟೆಜೇ, ಅಂದರೆ ಶಿಷ್ಯನ ಪ್ಲೇಬುಕ್. ಇದರಲ್ಲಿ ಗುರು ಯಾವ ಲೇಬಲ್ಲನ್ನು ಮೈಗೂಡಿಸಿಕೊಂಡಿದ್ದಾನೆ, ಯಾವುದನ್ನು ನಿರಾಕರಿಸುತ್ತಾನೆ ಎಂದು ಆಟಗಾರ ಮೊದಲೇ ತೀರ್ಮಾನಿಸಬೇಕು. ಸರಣಿಯಲ್ಲಿ ರಾಬಿನ್‌ನ ಹಳೆಯ ಗುರು ಬ್ಯಾಟ್‌ಮನ್ ಬಹುಮಟ್ಟಿಗೆ ತೆರೆಯ ಹಿಂದೆಯೇ ಉಳಿಯುತ್ತಾನೆ. ಮುಂದೆ ಬಂದು ಅವನನ್ನು ಶಿಷ್ಯನಾಗಲು ಬಲವಂತ ಮಾಡುವವನು ಸ್ಲೇಡ್. ರಾಬಿನ್‌ನ ನಿಜವಾದ ಹೆದರಿಕೆ ಸೋಲಲ್ಲ, ತಾನೂ ಸ್ಲೇಡ್‌ನಂತೆಯೇ ಇದ್ದೇನೆಯೇ ಎಂಬ ಸಂಶಯ. ಆದ್ದರಿಂದ ಅವನಿಗೆ ಒಬ್ಬ ಗುರುವಿದ್ದರೆ ಸಾಲದು. ಅವನ ಕೆಲಸವನ್ನು ಮೆಚ್ಚುವ ಶತ್ರುವೊಬ್ಬ ಬೇಕು.

ರೇವನ್‌ಗೆ ಡೂಮ್ಡ್, ಅಂದರೆ ವಿನಾಶ ಹಣೆಯಲ್ಲಿ ಬರೆದವರ ಪ್ಲೇಬುಕ್, ಹೊಲಿದು ಇಟ್ಟಂತೆ ಹೊಂದುತ್ತದೆ. ಅದರಲ್ಲಿ ವಿನಾಶ ಎಷ್ಟು ಹತ್ತಿರ ಬಂತು ಎಂದು ಗುರುತು ಹಾಕುತ್ತ ಹೋಗುವ ಪಟ್ಟಿಯಿದೆ, ಆ ವಿನಾಶವೇ ಕೊಡುವ ಭಯಂಕರ ಶಕ್ತಿಗಳಿವೆ, ಅವಳಿಗೊಂದು ಆಶ್ರಯತಾಣವೂ ಇದೆ. ಇಲ್ಲಿ ಗೇಮ್ ಮಾಸ್ಟರ್‌ಗೆ ತಾಳ್ಮೆ ಬೇಕು. ಟ್ರೈಗನ್‌ನನ್ನು ಮೊದಲ ದಿನವೇ ಕರೆತಂದರೆ ರೇವನ್ ಪಾತ್ರಕ್ಕೆ ಹೋಗಲು ಮುಂದೆ ದಾರಿಯೇ ಇರುವುದಿಲ್ಲ. ಸರಣಿಯೂ ಅವನನ್ನು ನಾಲ್ಕನೆಯ ಸೀಸನ್ನಿನವರೆಗೆ ಪೂರ್ತಿಯಾಗಿ ಬಿಚ್ಚಲಿಲ್ಲ.

ಸ್ಟಾರ್‌ಫೈರ್‌ಗೆ ಔಟ್‌ಸೈಡರ್, ಅಂದರೆ ಹೊರಗಿನವರ ಪ್ಲೇಬುಕ್. ಟಮರಾನ್ ಎಂಬ ಬೇರೆ ಗ್ರಹದಿಂದ ಬಂದ ರಾಜಕುಮಾರಿ ಅವಳು. ರೇವನ್ ಮತ್ತು ಸ್ಟಾರ್‌ಫೈರ್‌ರ ಆತ್ಮಗಳು ಅದಲುಬದಲಾಗುವ ಕಂತೊಂದು ಮೊದಲ ಸೀಸನ್ನಿನಲ್ಲಿದೆ. ಅಳವಡಿಕೆ ಮಾಡುವವರು ಅದನ್ನು ಮತ್ತೊಮ್ಮೆ ನೋಡಲೇಬೇಕು. ಸ್ಟಾರ್‌ಫೈರ್‌ನ ಶಕ್ತಿ ಭಾವನೆಯಿಂದ ಹೊಮ್ಮುತ್ತದೆ, ಹಾರಲು ಅವಳಿಗೆ ಸಂತೋಷ ಬೇಕು. ರೇವನ್‌ಗೆ ಭಾವನೆ ಕೈತಪ್ಪಿದರೆ ಸುತ್ತಲಿನದೆಲ್ಲ ಒಡೆಯುತ್ತದೆ. ಒಬ್ಬಳು ಅನುಭವಿಸಲೇಬೇಕು, ಇನ್ನೊಬ್ಬಳು ಅನುಭವಿಸಲೇಬಾರದು. ಇದನ್ನು ನಿಯಮವಾಗಿಸುವುದು ಕಷ್ಟವಲ್ಲ: ಹತಾಶೆಗೆ ಗುರುತು ಬಿದ್ದಿರುವವರೆಗೆ ಸ್ಟಾರ್‌ಫೈರ್ ಹಾರುವಂತಿಲ್ಲ ಎಂದೂ, ಸಿಟ್ಟಿಗೆ ಗುರುತು ಬಿದ್ದಿರುವಾಗ ರೇವನ್ ಶಕ್ತಿ ಬಳಸಿದರೆ ಹತ್ತಿರದ ವಸ್ತುವೊಂದು ಒಡೆದೇ ಒಡೆಯುತ್ತದೆ ಎಂದೂ ಮೇಜಿನಲ್ಲಿ ಒಪ್ಪಿಕೊಳ್ಳಿ. ಪುಸ್ತಕದಲ್ಲಿಲ್ಲದ ಈ ಎರಡು ಸಣ್ಣ ಕಟ್ಟುಪಾಡುಗಳು ಆ ಇಬ್ಬರನ್ನು ಶಕ್ತಿಗಳ ಯಾವ ಪಟ್ಟಿಗಿಂತಲೂ ಚೆನ್ನಾಗಿ ಹಿಡಿದುಕೊಡುತ್ತವೆ.

ಸೈಬೋರ್ಗ್‌ಗೆ ಟ್ರಾನ್ಸ್‌ಫಾರ್ಮ್ಡ್, ಅಂದರೆ ರೂಪವೇ ಬದಲಾದವರ ಪ್ಲೇಬುಕ್. ಅರ್ಧ ಯಂತ್ರವಾದ ದೇಹ, ನೋಡುವವರ ಕಣ್ಣು, ಕಳೆದುಹೋದ ಹಳೆಯ ಬದುಕು ಎಲ್ಲವೂ ಅದರಲ್ಲಿವೆ. ಬೀಸ್ಟ್ ಬಾಯ್ ವಿಷಯದಲ್ಲಿ ವಾದ ನಡೆಯುವುದು ಸಹಜ. ಹಸಿರು ಮೈ ನೋಡಿ ಅವನಿಗೂ ಟ್ರಾನ್ಸ್‌ಫಾರ್ಮ್ಡ್ ಬೇಕೆನ್ನುವವರಿದ್ದಾರೆ. ನಾನು ಅವನಿಗೆ ಬೀಕನ್ ಕೊಡುತ್ತೇನೆ. ವೀರನಾಗಿರುವುದೇ ಒಂದು ಭಾಗ್ಯವೆಂದು ನಂಬಿ, ತನ್ನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವೆಂದು ಒಳಗೇ ನೋಯುವ ಹುಡುಗನ ಅಚ್ಚು ಅದು, ಮತ್ತು ಬೀಸ್ಟ್ ಬಾಯ್‌ನ ಹಾಸ್ಯದ ಬೇರು ಅಲ್ಲಿಯೇ ಇದೆ.

ಹಾಸನಕ್ಕೆ ತರುವಾಗ

ಮೊದಲ ಒಂದೆರಡು ಬೈಠಕ್ಕುಗಳನ್ನು ಸರಣಿಯ ಊರಾದ ಜಂಪ್ ಸಿಟಿಯಲ್ಲಿಯೇ, ಮೂಲ ಹೆಸರುಗಳಲ್ಲಿಯೇ ಆಡಿ. ನಿಯಮ ಕೈಗೆ ಹತ್ತಿದ ಮೇಲೆ ಅದೇ ಐದು ಕುರ್ಚಿಗಳಿಗೆ ನಿಮ್ಮದೇ ಐವರನ್ನು ಕೂರಿಸಿ ಕಥೆಯನ್ನು ಊರಿಗೆ ತನ್ನಿ. ಕಾರಣ ಸರಳ: ಜಂಪ್ ಸಿಟಿಯ ಸೇತುವೆ ಮುರಿದರೆ ಆಟಗಾರರಿಗೆ ಅದೊಂದು ಚಿತ್ರ, ಶಿರಾಡಿ ಘಾಟಿಯ ರಸ್ತೆ ಕುಸಿದರೆ ಯಾರ ಮನೆಗೆ ಏನು ತಲುಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಈ ಜಿಲ್ಲೆ ಇಂಥ ಕಥೆಗೆ ಹೇಳಿ ಮಾಡಿಸಿದಂತಿದೆ. ಭೂಸ್ಥಿರ ಉಪಗ್ರಹಗಳ ಮೇಲೆ ಕಣ್ಣಿಟ್ಟು ಅವನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿದೆ. ಬೇರೆ ಗ್ರಹದ ಹುಡುಗಿಯ ಸಂಕೇತ ಮೊದಲು ಕೇಳಿಸುವುದಕ್ಕೆ ಇದಕ್ಕಿಂತ ತಕ್ಕ ಊರು ಯಾವುದು? ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲ ಬಂತೆಂದರೆ ಮುಳುಗಿ, ನೀರಿಳಿದಾಗ ಮತ್ತೆ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ರೇವನ್‌ಳಂಥ ಪಾತ್ರಕ್ಕೆ ಆಶ್ರಯತಾಣ. ನೀರಿನ ಮಟ್ಟವೇ ಅವಳ ವಿನಾಶದ ಪಟ್ಟಿಯಾಗಲಿ: ಒಂದು ಗುರುತು ಬಿದ್ದರೆ ಗೋಡೆಯ ಮೇಲೆ ನೀರು ಒಂದು ಮೊಳ ಏರುತ್ತದೆ. ಸೈಬೋರ್ಗ್‌ನ ಜಾಗಕ್ಕೆ ಬಂದ ಹುಡುಗನನ್ನು ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ದರ್ಶನದ ಸಾಲಿನಲ್ಲಿ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಗುಡಿಯ ಮುಂದೆ, ತಾಯಿಯ ಜೊತೆ ಗಂಟೆಗಟ್ಟಲೆ ನಿಲ್ಲಿಸಿ. ಮುಖ ಮರೆಸಲು ಜಾಗವಿಲ್ಲ, ಸಾಲು ಬಿಟ್ಟು ಹೋಗಲು ಮನಸ್ಸಿಲ್ಲ. ಹೋರಾಟವೇ ಇಲ್ಲದ ಆ ದೃಶ್ಯದಲ್ಲಿ ಅವನು ಉರುಳಿಸುವ ದಾಳಕ್ಕೆ ಇರುವ ತೂಕ ಎಷ್ಟೋ ಕಾಳಗಗಳಿಗೆ ಇರುವುದಿಲ್ಲ. ಅಂತಿಮ ಕದನಕ್ಕೆ ಬಯಲು ಬೇಕಾದರೆ ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದಂತಿರುವ ಅದರ ನಕ್ಷೆಯನ್ನು ಕಾಗದದ ಮೇಲೆ ಬರೆದು ಮೇಜಿನ ನಡುವೆ ಇಟ್ಟರೆ ಸಾಕು.

ಬೀಸ್ಟ್ ಬಾಯ್‌ನ ಜಾಗಕ್ಕೆ ಬರುವವನನ್ನು ಆಲೂರು, ಸಕಲೇಶಪುರದ ಕಾಫಿ ತೋಟಗಳಿಗೆ ಕರೆದೊಯ್ಯಿರಿ. ಆದರೆ ಆನೆಯನ್ನು ಖಳನನ್ನಾಗಿ ಮಾಡಬೇಡಿ, ತೋಟದವರನ್ನೂ ಮಾಡಬೇಡಿ. ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ದಸರೆಯ ಆನೆ ಅರ್ಜುನ ಪ್ರಾಣ ಬಿಟ್ಟದ್ದು ಇಲ್ಲಿಯವರಿಗೆ ಇನ್ನೂ ಹಸಿ ನೋವು. ಆನೆ ತುಳಿತಕ್ಕೆ ಮನೆಯವರನ್ನು ಕಳೆದುಕೊಂಡವರೂ ಇದೇ ಊರುಗಳಲ್ಲಿದ್ದಾರೆ. ಹೊಡೆದು ಗೆಲ್ಲಲಾಗದ ಕಷ್ಟವನ್ನೇ ವೀರರ ಮುಂದೆ ಇಡುವುದು ಈ ಆಟದ ದೊಡ್ಡ ಗುಣ. ನಮ್ಮ ಮೇಜಿನಲ್ಲಿ ಅದು ನಡೆದ ರೀತಿಯನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ.

ರಾತ್ರಿ, ತೋಟ, ಗುಂಪಿನಿಂದ ಅಗಲಿದ ಮರಿ. ಆಟಗಾರ ಹೇಳಿದ: "ನಾನೂ ಆನೆ ಆಗ್ತೀನಿ."

"ಆಗು. ಮರಿ ನಿನ್ನ ಹಿಂದೆ ಇದೆ, ತಾಯಿ ಮುಂದೆ ಇದೆ, ನಡುವೆ ನೀನು. ಏನ್ಮಾಡ್ತೀಯ?" ಎಂದ ಗೇಮ್ ಮಾಸ್ಟರ್.

"ಎದುರು ನಿಲ್ಲಲ್ಲ ಕಣೋ. ಪಕ್ಕಕ್ಕೆ ಸರಿದು ಮರೀನ ಸೊಂಡಿಲಲ್ಲಿ ತಾಯಿ ಕಡೆಗೆ ತಳ್ತೀನಿ."

ಶಕ್ತಿಯನ್ನು ಹರಿಬಿಡುವ ನಡೆ ಇದು; ವಿಚಿತ್ರ ಎಂಬ ಲೇಬಲ್ ಸೇರಿಸಬೇಕು. ಅವನದು ಆಗ ಶೂನ್ಯ. ದಾಳದಲ್ಲಿ 5 ಮತ್ತು 3, ಒಟ್ಟು 8. ಕೆಲಸ ಆಗುತ್ತದೆ, ಆದರೆ ಒಂದೋ ಒಂದು ಸ್ಥಿತಿಗೆ ಗುರುತು ಹಾಕಬೇಕು, ಇಲ್ಲವೇ ಪರಿಣಾಮ ಅಸ್ಥಿರವಾಗಬೇಕು. ಅವನು ಭಯಕ್ಕೆ ಗುರುತು ಹಾಕಿದ. ಮರಿ ತಾಯಿಯನ್ನು ಸೇರಿತು. ಗಾಬರಿಯಾದ ಹಿಂಡು ಮಾತ್ರ ಒಣಗಲು ಹರಡಿದ್ದ ಕಾಫಿಯ ಕಣದ ಮೇಲೆಯೇ ಹಾದುಹೋಯಿತು. ಆಗ ಅರಣ್ಯ ಇಲಾಖೆಯ ವಾಚರ್ ಬಂದು, "ಏಯ್ ತಮ್ಮಾ, ಅವು ಅವುಗಳ ಪಾಡಿಗೆ ಹೋಗ್ತಿದ್ವು. ನೀನು ಬಂದಿದ್ದಕ್ಕೇ ಬೆದರಿದ್ದು" ಎಂದ. ಈ ಆಟದಲ್ಲಿ ದೊಡ್ಡವರ ಮಾತಿಗೆ ಎಳೆಯ ವೀರರ ಮೇಲೆ ಪ್ರಭಾವವಿದೆ. ಅವರು ನೀನು ಇಂಥವನು ಎಂದರೆ ಒಂದು ಲೇಬಲ್ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಅಪಾಯಕಾರಿ ಒಂದು ಏರಿತು, ರಕ್ಷಕ ಒಂದು ಇಳಿಯಿತು. ಆ ಮಾತನ್ನು ತಳ್ಳಿಹಾಕಲು ದಾಳ ಉರುಳಿಸುವ ಹಕ್ಕು ಅವನಿಗಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ, ಅವರು ಹೇಳಿದ್ದು ನಿಜ ಅನ್ಸುತ್ತೆ" ಎಂದ. ಭಯದ ಗುರುತು ಅಳಿಸಬೇಕಾದರೆ ಕಷ್ಟವಾದ ಯಾವುದರಿಂದಲಾದರೂ ಓಡಿಹೋಗಬೇಕೆಂಬುದು ನಿಯಮ. ಅವನು ತಂಡಕ್ಕೆ ಹೇಳದೆ ಮನೆಗೆ ಹೋದ. ಮುಂದಿನ ಬೈಠಕ್ಕಿನ ಕಥೆಯನ್ನು ಯಾರೂ ಬರೆಯಬೇಕಾಗಲಿಲ್ಲ.

ಖಳರು, ಸರದಿ, ಟೆರಾ

ಖಳನಿಗೂ ಬಲದ ಅಂಕ ಬೇಡ. ಅವನಿಗೊಂದು ಹಟ ಮತ್ತು ಅವನು ತಡೆದುಕೊಳ್ಳಬಲ್ಲ ಸ್ಥಿತಿಗಳು ಇದ್ದರೆ ಸಾಕು. ಬೀದಿ ಕಳ್ಳನಿಗೆ ಒಂದು, ಸ್ಲೇಡ್‌ನಂಥವನಿಗೆ ನಾಲ್ಕು ಅಥವಾ ಐದು. ಪ್ರತಿ ಸ್ಥಿತಿಗೆ ಗುರುತು ಬಿದ್ದಾಗಲೂ ಅವನು ತಕ್ಷಣ ಒಂದು ಪ್ರತಿನಡೆ ಮಾಡಬೇಕು: ಸಿಟ್ಟಿಗೆ ಗುರುತು ಬಿದ್ದರೆ ಕಟ್ಟಡ ಉರುಳಿಸಲಿ, ಭಯಕ್ಕೆ ಬಿದ್ದರೆ ಒತ್ತೆಯಾಳನ್ನು ಹಿಡಿಯಲಿ.

ಸರದಿಯ ಲೆಕ್ಕವನ್ನು ಗೇಮ್ ಮಾಸ್ಟರ್ ಬರೆದೇ ಇಡಬೇಕು, ನೆನಪನ್ನು ನಂಬಬಾರದು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಐದು ಹೆಸರು ಬರೆದು, ಯಾರ ಹೆದರಿಕೆ ಈ ಬಾರಿ ಕಥೆಯ ನಡುವೆ ಬಂತೋ ಅವರ ಮುಂದೆ ದಿನಾಂಕ ಹಾಕಿ. ಎರಡು ಬೈಠಕ್ಕುಗಳಿಂದ ದಿನಾಂಕ ಕಾಣದ ಹೆಸರಿದ್ದರೆ ಮುಂದಿನ ಕಥೆ ಅವರ ಮನೆಯಿಂದ ಆರಂಭವಾಗಲಿ. ಹೆಚ್ಚು ಮಾತನಾಡುವ ಆಟಗಾರರು ತಮ್ಮ ಸರದಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಈ ಪುಟ ಇರುವುದು ಮೆಲುದನಿಯವರಿಗಾಗಿ. ಮೂರು ಗಂಟೆಯ ಬೈಠಕ್ಕಿಗೆ ಒಂದು ದೊಡ್ಡ ಕಾಳಗ ಸಾಕು. ಯಾವ ವಿಷಯವನ್ನು ಮೇಜಿಗೆ ತರಬಾರದು ಎಂದು ಆರಂಭಿಸುವ ಮೊದಲೇ ಎಲ್ಲರನ್ನೂ ಕೇಳಿ. ತಂದೆಯ ಹಿಂಸೆ, ದೇಹದ ಊನ, ಮನೆ ಬಿಟ್ಟು ಹೋಗುವುದು ಈ ತಂಡದ ಕಥೆಯಲ್ಲಿ ಸಹಜವಾಗಿ ಬರುತ್ತವೆ, ಮತ್ತು ಅವು ಯಾರಿಗೆ ಎಷ್ಟು ಹತ್ತಿರವೆಂದು ಹೊರಗಿನಿಂದ ಕಾಣುವುದಿಲ್ಲ.

ಆರನೆಯ ಆಟಗಾರರು ಬಂದರೆ ಟೆರಾಳ ಕುರ್ಚಿ ಖಾಲಿಯಿದೆ. ನೆಲವನ್ನೇ ಎತ್ತಬಲ್ಲ, ಆದರೆ ಹಿಡಿತ ತಪ್ಪುವ ಅವಳಿಗೆ ನೋವಾ ಪ್ಲೇಬುಕ್ ಸರಿಹೊಂದುತ್ತದೆ. ಸರಣಿ ನೋಡಿದವರು ದ್ರೋಹವನ್ನೂ ಮೊದಲೇ ಬರೆದಿಡಲು ಆಸೆಪಡುತ್ತಾರೆ, ಆಟಗಾರರೊಂದಿಗೆ ಗುಟ್ಟಾಗಿ ಮಾತಾಡಿ ಸಂಚು ಹೂಡುತ್ತಾರೆ. ಹಾಗೆ ಮಾಡಬೇಡಿ. ಸ್ಲೇಡ್‌ನಂಥವನು ಬಂದು, ನಿನ್ನ ಶಕ್ತಿಗೆ ಹಿಡಿತ ಕಲಿಸುತ್ತೇನೆ, ನಿನ್ನ ಗೆಳೆಯರಿಂದ ಅದು ಆಗುವುದಿಲ್ಲ ಎಂದು ಹೇಳುವವರೆಗೆ ಗೇಮ್ ಮಾಸ್ಟರ್‌ನ ಕೆಲಸ. ಆ ಮಾತು ಬೀಳುವಾಗ ಉಳಿದ ಐವರು ಅವಳೊಂದಿಗೆ ಹೇಗೆ ನಡೆದುಕೊಂಡಿದ್ದರು ಎಂಬುದರ ಮೇಲೆ ಅವಳು ಉತ್ತರ ಕೊಡಲಿ, ಎಲ್ಲರ ಮುಂದೆ, ಅದೇ ಮೇಜಿನಲ್ಲಿ.